ಗಾಜಣ್ಣನ ಕನ್ನಡಿಯ ಹತ್ತೊಂಬತ್ತನೆಯ ವರದಿ

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಅವಳು ಹತ್ತೊಂಬತ್ತನೆಯ ವರದಿಯ ಮೊದಲ ಸಾಲನ್ನು ಬರೆದು, ಹೊಡೆದುಹಾಕಿದಳು. ‘ಕೆಲಸ ಮುಂದುವರಿದಿದೆ’ ಎಂದಿತ್ತು ಆ ಸಾಲು. ಕೆಲಸ ಮಾಡುತ್ತಿದ್ದ ಅವಳ ಗಂಡ ತೀರಿಕೊಂಡು ಐದು ವಾರವಾಗಿತ್ತು.

ಅವನದು ಕನ್ನಡಕದ ಅಂಗಡಿ. ಊರಿನವರ ಬಾಯಲ್ಲಿ ಗಾಜಣ್ಣ. ಮಕ್ಕಳಿಗೆ ನಕ್ಷತ್ರ ತೋರಿಸಲು ದೊಡ್ಡ ದೂರದರ್ಶಕ ಕಟ್ಟಹೊರಟ ವಿಜ್ಞಾನ ಸಂಘ, ಅದರ ಕನ್ನಡಿಗೆಂದು ದಪ್ಪ ಗಾಜಿನ ಬಿಲ್ಲೆಯೊಂದನ್ನು ಅವನಿಗೆ ಒಪ್ಪಿಸಿತ್ತು. ಕೈಯಿಂದಲೇ ಉಜ್ಜಿ ಉಜ್ಜಿ ಅದನ್ನು ಬಟ್ಟಲಿನಂತೆ ತಗ್ಗಿಸಬೇಕು. ತಗ್ಗು ಕೂದಲೆಳೆಯ ಸಾವಿರದಲ್ಲೊಂದು ಪಾಲಿನಷ್ಟೂ ತಪ್ಪಬಾರದು. ಅಂಗಡಿ ಮುಚ್ಚಿದ ಮೇಲೆ ಹಿಂದಿನ ಕೋಣೆಯಲ್ಲಿ ಒಂಬತ್ತು ವರ್ಷ ಉಜ್ಜಿದ. ಅವನ ಅಕ್ಷರ ಕಾಗೆಕಾಲು ಗುಬ್ಬಿಕಾಲು. ಹಾಗಾಗಿ ಸಂಘಕ್ಕೆ ಕಳಿಸಬೇಕಾದ ವರ್ಷಕ್ಕೆರಡು ವರದಿಗಳನ್ನು ಅವನು ಹೇಳುತ್ತಿದ್ದ, ಅವಳು ಬರೆಯುತ್ತಿದ್ದಳು.

“ಏನ್ರೀ, ನಿಮ್ಮ ಸವತಿ ಹೇಗಿದಾಳೆ?” ಎಂದು ಪಕ್ಕದ ಮನೆಯಾಕೆ ಕಿಚಾಯಿಸಿದರೆ, “ದಿನಾ ಮೈ ತಿಕ್ಕಿಸ್ಕೊಂಡು ಹೊಳೀತಿದಾಳೆ. ನನ್ನ ಬೆನ್ನಿಗೊಂದಿಷ್ಟು ಮುಲಾಮು ಹಚ್ಚೋಕೆ ಮಹಾರಾಯನಿಗೆ ಪುರುಸೊತ್ತಿಲ್ಲ!” ಎನ್ನುತ್ತಿದ್ದಳು.

ಈಗ ಮೇಜಿನಾಚೆ ನಾದಿನಿ ಕೂತಿದ್ದಳು.

“ಅತ್ತಿಗೆ, ನಡೀತಿದೆ ಅಂತಾನೇ ಬರೆದುಬಿಡಿ. ಯಾರು ಬಂದು ನೋಡ್ತಾರೆ? ನಿಂತಿದೆ ಅಂದ್ರೆ ಗಾಜು ತಗೊಂಡು ಹೋಗ್ತಾರೆ.”

“ಹೂಂ, ಯಂತ್ರಕ್ಕೆ ಕೊಡ್ತಾರೆ. ಅದು ಮೊದಲಿಂದ ಉಜ್ಜುತ್ತೆ.”

“ಮತ್ತೆ ಅಣ್ಣ ಮಾಡಿದ್ದು?”

“ಉಜ್ಜೋ ಒರಟು ಪುಡಿ ಹಾಕಿದ ಮೊದಲನೇ ದಿನವೇ ಹೋಗುತ್ತೆ ಕಣೇ.”

“ಹಾಗಾದ್ರೆ ತೆಪ್ಪಗೆ ಇಟ್ಕೊಳ್ಳಿ!”

“ಇಟ್ಕೊಂಡು ಏನು, ಗೋಡೆಗೆ ಹಾಕಿ ತಲೆ ಬಾಚ್ಕೊಳ್ಲಾ? ಆ ಗಾಜಲ್ಲಿ ಮುಖ ತಲೆಕೆಳಗಾಗಿ ಕಾಣುತ್ತೆ.”

ನಾದಿನಿಗೆ ನಗು ಬಂತು. ನಗುತ್ತಲೇ ಕಣ್ಣೊರೆಸಿಕೊಂಡಳು.

ಸುಳ್ಳು ಬರೆಯಬಹುದಿತ್ತು. ಆದರೆ ‘ಅಂಚು ಕೆಟ್ಟಿದೆ, ತಪ್ಪು ನನ್ನದೇ’ ಎಂಬುದನ್ನೂ ಬಿಡದೆ ಬರೆಸಿದವನು ಅವನು. ಅವನ ಕೊನೆಯ ವರದಿಯನ್ನು ಸುಳ್ಳು ಮಾಡಲು ಅವಳಿಗೆ ಕೈ ಬರಲಿಲ್ಲ. ‘ಕೆಲಸ ಮಾಡುವವರು ಇಲ್ಲ. ಗಾಜನ್ನು ಒಯ್ಯಬಹುದು’ ಎಂದು ಬರೆದಳು. ಅದರ ಕೆಳಗೆ, ಕನ್ನಡಿಯ ಈಗಿನ ಸ್ಥಿತಿ ಬರೆಯಬೇಕಿತ್ತು.

ಹಿಂದಿನ ಕೋಣೆಗೆ ಹೋಗಿ ಪರದೆ ಎಳೆದಳು. ಸೂಜಿಮೊನೆಯಷ್ಟು ಬೆಳಕನ್ನು ಗಾಜಿನತ್ತ ಬಿಟ್ಟು, ಹಿಂದಿರುಗುವ ಕಿರಣಕ್ಕೆ ಬ್ಲೇಡಿನ ಅಂಚನ್ನು ಅಡ್ಡ ತಂದು ನೋಡಿದರೆ ಗಾಜಿನ ಅತಿ ಸಣ್ಣ ಉಬ್ಬುತಗ್ಗೂ ಬೆಟ್ಟ ಕಣಿವೆಗಳಂತೆ ಕಾಣುತ್ತದೆ. ನೋಡಿದಳು. ನೆರಳು ಎಲ್ಲೂ ಮುರಿಯದೆ ಹರಡಿತ್ತು. ಅಂಚಿನಲ್ಲಷ್ಟೇ ಒಂದು ಬಿಳಿ ಎಳೆ. ಇಷ್ಟು ಚೆನ್ನಾಗಿ ಬಂದಿದೆ ಎಂದು ಅವನು ಹೇಳಿರಲೇ ಇಲ್ಲ.

ಹತ್ತಿರ ಹೋಗಿ ಗಾಜಿನ ಮೇಲೆ ಅಂಗೈ ಇಟ್ಟಳು. ತಣ್ಣಗಿತ್ತು. ಸ್ವಲ್ಪ ಹೊತ್ತು ಹಾಗೆಯೇ ನಿಂತು, ಮರಳಿ ಬಂದು ಬ್ಲೇಡಿನ ಹಿಂದೆ ಕಣ್ಣಿಟ್ಟಾಗ ಗಾಜಿನ ನಡುವೆ ಒಂದು ಗುಡ್ಡ ಎದ್ದಿತ್ತು, ಐದೂ ಬೆರಳುಗಳ ಸಮೇತ.

ಅದು ಇಳಿಯುವವರೆಗೆ ಏನೂ ಬರೆಯುವಂತಿರಲಿಲ್ಲ. ಸ್ಟೂಲಿನ ಮೇಲೆ ಕೂತಳು. ಮೊದಲನೆಯ ವರ್ಷವೂ ಹೀಗೇ ಮುಟ್ಟಿ, ಕೆಟ್ಟುಹೋಯಿತೇನೋ ಎಂದು ನಡುಗಿದ್ದಳು. ಅವನು ನಕ್ಕಿದ್ದ.

“ಏ ಹುಚ್ಚೀ, ಏನೂ ಆಗಿಲ್ಲ. ನಿನ್ನ ಕೈಬಿಸಿಗೆ ಉಬ್ಬಿದೆ ಅಷ್ಟೆ. ತಾನಾಗೇ ಹೋಗುತ್ತೆ.”

“ಪೂರ್ತಿ ಹೋಗೋಕೆ ಎಷ್ಟು ಹೊತ್ತು?”

“ಇಪ್ಪತ್ತು ನಿಮಿಷ.”