ಹೆಸರಿಲ್ಲದ ವರದಿ

ಕಂಪಾಲದ ಲುಗಾಂಡ ಭಾಷೆಯ ಪತ್ರಿಕೆಯಲ್ಲಿ ಹನ್ನೊಂದು ವರ್ಷದಿಂದ ಯೋಸಿಯಾ ಮುಕಲಾಜಿಯ ಶುಕ್ರವಾರದ ಅಂಕಣ ಬರುತ್ತಿತ್ತು. ತನ್ನ ಬೀದಿಯ ಹರಟೆ, ಜಗಳ, ಊಟ ಎಲ್ಲವೂ ಅದರಲ್ಲಿ. ಸೇನೆ ಅಧಿಕಾರ ಹಿಡಿದು ಬಿಳಿಯ ವರದಿಗಾರರನ್ನೆಲ್ಲ ವಿಮಾನ ಹತ್ತಿಸಿದ ಮೇಲೆ ಲಂಡನ್ನಿನ ಪತ್ರಿಕೆಯೊಂದು ಅವನನ್ನು ಗೊತ್ತುಮಾಡಿಕೊಂಡಿತು. ಅಲ್ಲಿ ಅವನ ಸುದ್ದಿ 'ನಮ್ಮ ವರದಿಗಾರರಿಂದ' ಎಂದಷ್ಟೇ ಅಚ್ಚಾಗುತ್ತಿತ್ತು. ಹೆಸರಿಲ್ಲದ ಮೇಲೆ ಹೆದರಿಕೆ ಯಾಕೆ ಎಂದು ಆಸಾಮಿ ನಿಶ್ಚಿಂತನಾಗಿದ್ದ.

ಅಂಕಣದ ನಾಯಕಿ ನಾಲೊಂಗೊ. ಅದು ಅವಳ ಹೆಸರಲ್ಲ, ಅವಳಿ ಹೆತ್ತವಳಿಗೆ ಸಲ್ಲುವ ಮರ್ಯಾದೆ. ಅಂಥವಳನ್ನು ಮತ್ತೆ ಹುಟ್ಟುಹೆಸರಿನಿಂದ ಕರೆಯುವವನು ಅಲ್ಲಿ ಮನುಷ್ಯನೇ ಅಲ್ಲ. ಸೇನೆಯ ಬ್ಯಾರಕ್ಕಿನ ಗೇಟಿನೆದುರು ಅವಳು ಬಾಳೆ ಸುಟ್ಟು, ಗಂಡಸರನ್ನೆಲ್ಲ 'ಸೆಬೊ', ಅಂದರೆ ಸ್ವಾಮಿ, ಎನ್ನುತ್ತ ಮಾರುತ್ತಿದ್ದಳು.

ಒಂದು ಸೋಮವಾರ ಇದ್ದಿಲು ಕೆದಕುತ್ತಲೇ ಹೇಳಿದಳು: "ಬೆಳಿಗ್ಗೆ ಲಾರೀಲಿ ಒಂಬತ್ತು ಜನಾನ ಒಯ್ದ್ರು ಸೆಬೊ. ಒಬ್ಬನೂ ಕೂತಿರ್ಲಿಲ್ಲ, ಎಲ್ಲಾ ಮಲಗಿದ್ರು. ನಮ್ಮ ಬೀದಿ ಮೇಷ್ಟ್ರ ಹಳದಿ ಷರ್ಟು ಕಂಡೆ. ನಾನು ಸೀನಿದ್ರೂ ಶುಕ್ರವಾರ ಅಚ್ಚು ಹಾಕಿಸ್ತೀರಿ, ಇದನ್ನ ಹಾಕ್ಬಿಟ್ಟೀರಿ ಮತ್ತೆ."

"ಅಂಕಣಕ್ಕೆ ಹಾಕಲ್ಲ ನಾಲೊಂಗೊ. ನನ್ನಾಣೆ."

ಹಾಕಲಿಲ್ಲ, ಲಂಡನ್ನಿಗೆ ಕಳಿಸಿದ. ಅವಳ ಹೆಸರು ಎಲ್ಲೂ ನುಸುಳಿಲ್ಲವೆಂದು ಎರಡು ಸಲ ಓದಿ ನೋಡಿದ. ಆದರೆ 'ಬಾಳೆ ಸುಡುವ ಒಬ್ಬ ಹೆಂಗಸು' ಎಂದು ಬರೆಯಲು ಕೈ ಬರಲಿಲ್ಲ. ಅವಳನ್ನು ಹಾಗೆ ಅಂದವರುಂಟೆ? 'ಗೇಟಿನೆದುರು ಕೂರುವ ಅವಳಿ ಮಕ್ಕಳ ತಾಯಿ ಕಣ್ಣಾರೆ ಕಂಡರು' ಎಂದು ಮರ್ಯಾದೆಯಿಂದ ಬರೆದ.

ಗುರುವಾರ ಬೆಳಿಗ್ಗೆ ಕ್ಷೌರದಂಗಡಿಯಲ್ಲಿ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದಾಗ ಪರದೇಶದ ರೇಡಿಯೊ ಲಂಡನ್ ಪತ್ರಿಕೆಯ ಆ ಸಾಲನ್ನು ಓದಿತು. ಕ್ಷೌರಿಕ ರೇಡಿಯೊ ಆರಿಸಿದ. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

"ಗೇಟಿನ ಹತ್ರ ಅವಳಿ ಹೆತ್ತೋರು ಎಷ್ಟು ಜನ ಇದಾರೆ ಸೆಬೊ?" ಎಂದ ಕ್ಷೌರಿಕ, ಮೆಲ್ಲಗೆ.

ಮುಕಲಾಜಿ ಕುರ್ಚಿಯಿಂದೆದ್ದ. ನೊರೆ ಒರೆಸದೆ ಹೊರಗೆ ಬಂದರೆ ಬಾಗಿಲಲ್ಲೇ ಕಾರು, ಒಳಗೆ ಕಪ್ಪು ಕನ್ನಡಕದ ಇಬ್ಬರು.

"ಮುಕಲಾಜಿ ಅವರಲ್ವಾ? ನಿಮ್ಮ ಅಂಕಣ ಅಂದ್ರೆ ನಮ್ಮನೇಲಿ ಪ್ರಾಣ ಬಿಡ್ತಾರೆ."

"ಏನಾಗ್ಬೇಕಿತ್ತು?"

"ನಾಲೊಂಗೊ ಇವತ್ತು ಒಲೆ ಹಚ್ಚಿಲ್ಲ. ಮನೆ ಎಲ್ಲಿ ಅಂತ ಕೇಳೋಣ ಅಂತಿದ್ವಿ. ಬೇಡ ಬಿಡಿ, ಅಂಕಣದಲ್ಲಿ ನೀವೇ ಬರೆದಿದ್ದೀರಲ್ಲ. ಹಲಸಿನ ಮರ, ನೀಲಿ ಬಾಗಿಲು." ಮಾತಾಡುತ್ತಿದ್ದವನು ನಕ್ಕ. "ನಾಳೆದೂ ಓದ್ತೀವಿ."

ಕಾರು ಹೊರಟಿತು. ಮುಕಲಾಜಿ ಸಂದಿಗೊಂದಿ ಬಿದ್ದು ಓಡಿದ. ಐವತ್ತರ ಕಾಲು, ಕಾರಿಗೆ ಸಾಟಿಯೆ? ಅವನು ಮುಟ್ಟುವ ಹೊತ್ತಿಗೆ ನೀಲಿ ಬಾಗಿಲು ತೆರೆದಿತ್ತು. ಮೆಟ್ಟಿಲ ಮೇಲೆ ಅವಳಿ ಹುಡುಗಿಯರು ಬಾಬಿರ್ಯೆ, ನಕಾಟೊ ಕೂತಿದ್ದರು.

"ಅಮ್ಮ ಎಲ್ಲಿ?"

"ಕಾರಲ್ಲಿ ಹೋದ್ಲು," ಎಂದಳು ಬಾಬಿರ್ಯೆ. "ಮೊದ್ಲು ಬರಲ್ಲ ಅಂದ್ಲು. ಮುಕಲಾಜಿ ಕಳಿಸಿದ್ದು ಅಂದ್ರು, ಆಮೇಲೆ ಹೋದ್ಲು."

ಅವನ ಮುಖದ ಮೇಲೆ ನೊರೆ ಒಣಗಿತ್ತು. ಶುಕ್ರವಾರ ಪತ್ರಿಕೆ ಬಂತು, ಅಂಕಣ ಬರಲಿಲ್ಲ. ಮುಂದೆಂದೂ ಬರಲಿಲ್ಲ.