ಹಾಳೆ ಚಿಕ್ಕದಾದಾಗ ಅಕ್ಷರ ಕಾಯ್ದ ಅಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮುದ್ರಣಾಲಯದ ಹಿಂಬಾಗಿಲ ಮೆಟ್ಟಿಲ ಮೇಲೆ ನಲವತ್ತು ದಾಟಿದ ಹೆಂಗಸೊಬ್ಬರು ಶಾಲು ಹೊದ್ದು ನಿಂತಿದ್ದಾರೆ. ಕೈಯಲ್ಲಿ ಯಂತ್ರದಿಂದ ಆಗಷ್ಟೇ ಹೊರಬಂದ ಮೊದಲ ಹಾಳೆ. ಶಾಯಿ ಹಸಿಯಾಗಿದೆ. ಹಾಳೆಯನ್ನು ತೋಳುದ್ದ ದೂರ ಹಿಡಿದು, ಮುಂಜಾವಿನ ಮಂಕು ಬೆಳಕಿನಲ್ಲೇ ಓದುತ್ತಾರೆ. ಒಳಗೆ ದೀಪವಿದೆಯಲ್ಲ ಎಂದರೆ, “ದೀಪದಡಿ ಎಲ್ಲಾ ಚೆನ್ನಾಗೇ ಕಾಣುತ್ತೆ. ಓದೋರ ಮನೇಲಿ ಅಷ್ಟು ಬೆಳಕಿರಬೇಕಲ್ಲ?” ಎನ್ನುತ್ತಾರೆ. ಆಮೇಲೆ ಯಂತ್ರದವರತ್ತ ತಿರುಗಿ, “ಹೂಂ, ಬಿಡಿ” ಎಂದು ಕೈಬೀಸುತ್ತಾರೆ. ಯಂತ್ರ ಗುಡುಗತೊಡಗುತ್ತದೆ.

ನೀವು ಕೈಯಲ್ಲಿ ಹಿಡಿದಿರುವ ಈ ಪತ್ರಿಕೆಯ ಪುಟಗಳನ್ನು ಕಂಪ್ಯೂಟರಿನಲ್ಲಿ ಕಟ್ಟುವವರು ಇವರೇ. ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ‘ಅಳತೆ ಅಕ್ಕ’. ಗಂಡ ಬಸ್ ಚಾಲಕ. ಮನೆಯಲ್ಲಿ ಅತ್ತೆ ಇದ್ದಾರೆ, ಮಕ್ಕಳ ಬಟ್ಟೆ ಹೊಲಿಯುವುದರಲ್ಲಿ ಎತ್ತಿದ ಕೈ. ಅಕ್ಕ ಮೊದಲು ದುಡಿಯುತ್ತಿದ್ದದ್ದು ಕೋರ್ಟಿನೆದುರಿನ ಟೈಪಿಂಗ್ ಅಂಗಡಿಯಲ್ಲಿ. ಅಂಗಡಿ ಮುಚ್ಚಿದ ಮೇಲೆ ಬಹಳ ಕಾಲ ಅತ್ತೆಯ ಪಕ್ಕ ಕುಳಿತು ಗುಂಡಿ ಹಾಕಿದರು. ಇಲ್ಲಿ ಕೆಲಸ ಸಿಕ್ಕಾಗ ಪುಟ ಕಟ್ಟುವುದು ಅವರಿಗೆ ಗೊತ್ತೇ ಇರಲಿಲ್ಲ. “ಕೆಡಿಸಿ ಕೆಡಿಸಿ ಕಲಿತೆ. ಕೂತು ಕೂತು ಎಡ ಭುಜ ಈಗ್ಲೂ ಹಿಡ್ಕೊಳ್ಳುತ್ತೆ. ಇರಲಿ, ಕೆಲಸ ನಡೀತಿರೋದು ಬಲಗೈಯಲ್ಲಿ!”

ಹೋದ ವರ್ಷ ನಮ್ಮ ಹಳೆಯ ಯಂತ್ರ ಕೈಕೊಟ್ಟಿತು. ಹೊಸದಕ್ಕೆ ಚಿಕ್ಕ ಹಾಳೆಯೇ ಬೇಕು. ಸಂಪಾದಕರು ಅಕ್ಕನನ್ನು ಕರೆದು, “ಎಲ್ಲಾ ಪುಟಾನೂ ಹೊಸ ಅಳತೆಗೆ ಇಳಿಸಿಬಿಡಮ್ಮ. ಒಂದು ಬಟನ್ ಒತ್ತಿದ್ರೆ ಆಯ್ತಲ್ಲ” ಎಂದರು. ಅಕ್ಕ ಒತ್ತಿದರು. ಪುಟ ಅಚ್ಚುಕಟ್ಟಾಗಿ ಕುಗ್ಗಿತು, ಪರದೆಯ ಮೇಲೆ ಎಲ್ಲರಿಗೂ ಒಪ್ಪಿಗೆಯಾಯಿತು.

ಮಾದರಿ ಹಾಳೆಯನ್ನು ಮನೆಗೊಯ್ದಾಗ ಅತ್ತೆ ಕನ್ನಡಕ ಏರಿಸಿದರು, ಇಳಿಸಿದರು. “ಇದೇನೇ, ಇರುವೆ ಸಾಲು ಹೊರಟ ಹಾಗಿದೆ!”

ಮರುದಿನ ಅಕ್ಷರ ಚಿಕ್ಕದಾಗಿದೆ ಎಂದು ಅಕ್ಕ ಹೇಳಿದ್ದನ್ನು ಯಾರೂ ನಂಬಲಿಲ್ಲ. ಅಕ್ಷರದ ಅಳತೆ ಮೊದಲು ಹನ್ನೊಂದು, ಈಗಲೂ ಹನ್ನೊಂದು ಎಂದೇ ಪರದೆ ತೋರಿಸುತ್ತಿತ್ತು. ಅಕ್ಕ ಹಳೆಯ ಪತ್ರಿಕೆಯ ಮೇಲೆ ಹೊಸ ಹಾಳೆಯನ್ನಿಟ್ಟು ಕಿಟಕಿಯ ಗಾಜಿಗೆ ಒತ್ತಿ ಹಿಡಿದರು. ಒಂದೇ ತಲೆಬರಹ, ಎರಡು ಗಾತ್ರ. ಚೌಕಟ್ಟು ಕುಗ್ಗಿದಾಗ ಒಳಗಿನ ಅಕ್ಷರವೂ ಜೊತೆಗೆ ಕುಗ್ಗಿತ್ತು. ತಂತ್ರಾಂಶ ಮಾತ್ರ ಹಳೆಯ ಸಂಖ್ಯೆಯನ್ನೇ ತೋರಿಸುತ್ತಿತ್ತು.

ಅಕ್ಷರವನ್ನು ಮೊದಲಿನ ಗಾತ್ರಕ್ಕೆ ತಂದರೆ ಬರಹ ಪುಟದಲ್ಲಿ ಹಿಡಿಸುವುದಿಲ್ಲ. ಉಪಸಂಪಾದಕರು ಸಿಡಿದರು: “ಪ್ರತಿ ಲೇಖನ ಕತ್ತರಿಸ್ಬೇಕಾ? ಅಗಲ ಮಾತ್ರ ಸ್ವಲ್ಪ ಅಮುಕಿ ನೋಡಿ.” ಅಮುಕಿ ತೋರಿಸಿದಾಗ ಅವರೇ ಮುಖ ಸಿಂಡರಿಸಿ, “ಅಕ್ಷರಗಳು ಉಪವಾಸ ಬಿದ್ದ ಹಾಗಿವೆ” ಎಂದರು.

“ಕಡಿಮೆ ಕೊಟ್ರೆ ಓದುಗರು ಸುಮ್ನಿರ್ತಾರಾ?” ಎಂದು ಸಂಪಾದಕರು ಕೇಳಿದರು.

“ಓದೋಕಾಗದ್ದನ್ನ ಎಷ್ಟು ಕೊಟ್ರೇನು ಸಾರ್?”

ಸಂಪಾದಕರು ಒಂದೇ ಒಂದು ಸಂಚಿಕೆಗೆ ಒಪ್ಪಿದರು. ಬೈಗುಳ ಬಂದರೆ ಮತ್ತೆ ಬಟನ್ನೇ ಗತಿ. ಅಂದು ಮನೆಯಲ್ಲಿ ಅಕ್ಕ ಇದನ್ನೆಲ್ಲ ಹೇಳಿಕೊಂಡರು. ಅತ್ತೆ ಬಟ್ಟೆ ಕತ್ತರಿಸುತ್ತಲೇ ಹೇಳಿದರಂತೆ: “ದೊಡ್ಡೋರ ಅಂಗಿ ಕುಗ್ಗಿಸಿದ್ರೆ ಮಗೂ ಅಂಗಿ ಆಗಲ್ಲ ಕಣೆ. ತೋಳು ಕಡಿಮೆ ಮಾಡು, ಉದ್ದ ಕಡಿಮೆ ಮಾಡು. ಕುತ್ತಿಗೆ ಮಾತ್ರ ನೋಡ್ಕೊಂಡು ಕತ್ತರಿಸ್ಬೇಕು. ತಲೆ ತೂರ್ಬೇಕಲ್ಲ!”

ಆ ವಾರವಿಡೀ ಅಕ್ಕ ಮತ್ತು ಉಪಸಂಪಾದಕರು ಒಂದೇ ಮೇಜಿನಲ್ಲಿ ಕುಳಿತರು. ಅಕ್ಕ ಅಂಚು ಕಿರಿದಾಗಿಸಿದರು, ಅಂಕಣದ ಅಗಲ ಬದಲಿಸಿದರು, ಫೋಟೊದಲ್ಲಿ ಬರಿದೇ ಇದ್ದ ಆಕಾಶ ಕತ್ತರಿಸಿದರು. ಉಪಸಂಪಾದಕರು ಗೊಣಗುತ್ತಲೇ ವಾಕ್ಯ ಕತ್ತರಿಸಿದರು. ಜಗಳವೇನೂ ಕಡಿಮೆಯಿರಲಿಲ್ಲ. “ಅಕ್ಕನ ಜೊತೆ ಕೂತ ಮೇಲೆ ನನ್ನ ಬರವಣಿಗೇಲಿ ‘ಆದಾಗ್ಯೂ’ ಅನ್ನೋ ಪದಾನೇ ಸತ್ತೋಯ್ತು” ಎಂದು ಉಪಸಂಪಾದಕರು ಈಗ ನಗುತ್ತಾರೆ.

ಸಂಚಿಕೆ ಹೊರಬಂತು. ಪತ್ರಿಕೆ ಗಿಡ್ಡವಾಯಿತೆಂದು ಹಲವರು ಫೋನ್ ಮಾಡಿ ರೇಗಿದರು. ಪದಬಂಧ ಮೂಲೆ ಸೇರಿತೆಂದು ಒಬ್ಬರು ಜಗಳವನ್ನೇ ಆಡಿದರು. ಅಕ್ಷರದ ಬಗ್ಗೆ ಯಾರೂ ಉಸಿರೆತ್ತಲಿಲ್ಲ. ಸಂಪಾದಕರು ಬಟನ್ನಿನ ಮಾತನ್ನು ಮತ್ತೆ ತೆಗೆಯಲಿಲ್ಲ.

ಈಗ ಅಕ್ಕನಿಗಿರುವುದು ಒಂದೇ ಆಸೆ. “ಮಾತ್ರೆ ಪಟ್ಟಿ ಹಿಂದೆ ಅಷ್ಟು ಸಣ್ಣ ಅಕ್ಷರ ಕೂರಿಸೋರು ಯಾರೋ ಏನೋ. ಒಂದಿನ ಅವರ ಪಕ್ಕ ಕೂರ್ಬೇಕು. ಜಗಳಕ್ಕಲ್ಲಪ್ಪ, ಸುಮ್ನೆ ತೋರಿಸೋಕೆ.”

ಈ ಲೇಖನವನ್ನು ಪುಟಕ್ಕೆ ಕೂರಿಸಿದ್ದೂ ಅವರೇ. ನಿನ್ನೆ ನನಗೆ ಅವರ ಫೋನ್ ಬಂತು.

“ನಿಮ್ಮ ಬರಹ ಉದ್ದ ಆಯ್ತು.”

“ನಿಮ್ಮದೇ ಕಥೆ ಅಲ್ವಾ ಅಕ್ಕಾ, ಅಕ್ಷರ ಒಂಚೂರು...”

“ಆ ಸುದ್ದಿಗೆ ಬರ್ಬೇಡಿ. ಕೊನೇಲಿ ನನ್ನ ಹೊಗಳಿದ್ರಲ್ಲ, ಅಷ್ಟೂ ತೆಗೆದ್ಬಿಟ್ಟೆ. ಅತ್ತೆ ಮಾತು ಮಾತ್ರ ಮುಟ್ಟಿಲ್ಲ. ಅವರು ಓದ್ತಾರೆ.”