ಹದಿನೇಳಕ್ಕೆ ನಿಂತ ಎಣಿಕೆ

ಅವರ ಬಲಗೈ ತೋರುಬೆರಳಿನ ಉಗುರು ನಡುವೆ ಸೀಳಿತ್ತು. ಎಷ್ಟು ಸಲ ಕತ್ತರಿಸಿದರೂ ಸೀಳಿಕೊಂಡೇ ಬೆಳೆಯುವ ಉಗುರು. ಗಿರಾಕಿಯ ಗುರುತಿನ ಚೀಟಿ ಕೈಗೆ ಬಂದೊಡನೆ ಆ ಉಗುರನ್ನು ಹುಟ್ಟಿದ ವರ್ಷದ ಕೆಳಗೆ ಒತ್ತಿ ಹಿಡಿದು, ತುಟಿ ಅಲ್ಲಾಡಿಸುತ್ತ ವಯಸ್ಸು ಎಣಿಸುತ್ತಿದ್ದರು. ಸೀರೆಯ ಮೇಲೆ ಅಂಗಡಿಯ ಕಿತ್ತಳೆ ಬಣ್ಣದ ಏಪ್ರನ್, ಮೂಗಿನ ತುದಿಗೆ ಜಾರಿದ ಕನ್ನಡಕ. ಎದುರಿಗಿದ್ದವರು ಕಾಲು ಬದಲಿಸುತ್ತ ನಿಂತಿರಬೇಕು. ಅವರಿಗೆ ಮಾತ್ರ ಯಾವ ಅವಸರವೂ ಇರುತ್ತಿರಲಿಲ್ಲ.

ದಿಲ್ಲಿಗೆ ಅಂಟಿಕೊಂಡ ಇಂದಿರಾಪುರಂನ ಒಂದು ಮಾಲ್‌ನಲ್ಲಿ ಪುಸ್ತಕ, ಆಟಿಕೆ, ಸಿನಿಮಾ ಡಿಸ್ಕು, ವಿಡಿಯೊ ಗೇಮು ಎಲ್ಲವನ್ನೂ ಮಾರುವ ದೊಡ್ಡ ಅಂಗಡಿಯಿತ್ತು. ಅಲ್ಲಿ ಎರಡು ಕೌಂಟರುಗಳು. ಒಂದರಲ್ಲಿ ಇವರು. ಇನ್ನೊಂದರಲ್ಲಿ ಸದಾ ಫೋನು ನೋಡುತ್ತಿದ್ದ ಒಬ್ಬ ಭಯ್ಯಾ. ಡಬ್ಬಿಯ ಮೇಲೆ ಹದಿನೆಂಟು ಎಂದು ಬರೆದಿದ್ದರೆ ಚಿಕ್ಕವರಿಗೆ ಮಾರಬಾರದೆಂಬ ನಿಯಮ ಎರಡೂ ಕೌಂಟರುಗಳ ಹಿಂದಿನ ಗೋಡೆಗೆ ಅಂಟಿಸಿತ್ತು. ಭಯ್ಯಾ ಅದನ್ನು ಮನಸ್ಸು ಬಂದರೆ ಪಾಲಿಸುತ್ತಿದ್ದ. ಚಪ್ಪಲಿ ಸವೆದವರನ್ನು ಕೇಳುತ್ತಿದ್ದ, ಇಂಗ್ಲಿಷ್ ಮಾತಾಡುವವರನ್ನು ಬಿಟ್ಟುಬಿಡುತ್ತಿದ್ದ. ಕುಳ್ಳಗಿದ್ದವರನ್ನು ತಪ್ಪದೆ ಕೇಳುತ್ತಿದ್ದ. ನನ್ನನ್ನು ಒಮ್ಮೆಯೂ ಕೇಳಿರಲಿಲ್ಲ.

ನಾನು ಉದ್ದ. ಹದಿನಾಲ್ಕಕ್ಕೇ ಅಪ್ಪನಿಗಿಂತ ಎರಡು ಬೆರಳು ಹೆಚ್ಚು ಬೆಳೆದಿದ್ದೆ. ಬಸ್ಸಿನಲ್ಲಿ ಕಂಡಕ್ಟರು ಮೇಡಂ ಎನ್ನುತ್ತಿದ್ದರು, ತರಕಾರಿಯವನು ಆಂಟಿ ಎನ್ನುತ್ತಿದ್ದ. ಅಳು ಬರುತ್ತಿತ್ತು. ಆದರೆ ಆ ಎತ್ತರದಿಂದ ಒಂದು ಲಾಭವೂ ಇತ್ತು. ನಮ್ಮ ಹೌಸಿಂಗ್ ಸೊಸೈಟಿಯ ಗೆಳತಿಯರಿಗೆ ಹದಿನೆಂಟರ ಗೇಮು ಬೇಕಾದರೆ ಕಳಿಸುತ್ತಿದ್ದದ್ದು ನನ್ನನ್ನೇ. ನಾಲ್ಕು ವರ್ಷ ಭಯ್ಯಾನ ಕೌಂಟರಿನಿಂದ ರಾಜಾರೋಷವಾಗಿ ತಂದು ಕೊಟ್ಟಿದ್ದೆ.

ಕಾಲೇಜು ಸೇರಿದ ಜುಲೈ ತಿಂಗಳ ಒಂದು ಭಾನುವಾರ ಭಯ್ಯಾನ ಕೌಂಟರು ಮುಚ್ಚಿತ್ತು. ಹೆಣಗಳು ಎದ್ದು ಓಡಾಡುವ ಹೊಸ ಗೇಮು ಬಂದಿತ್ತು, ಮನೆಯಲ್ಲಿ ಗೆಳತಿಯರು ಕಾಯುತ್ತಿದ್ದರು. ಡಬ್ಬಿ ಹಿಡಿದು ಇವರ ಮುಂದೆ ನಿಂತೆ.

"ಕಾರ್ಡ್ ದಿಖಾವೋ, ಬೇಟಾ."

ಕೊಟ್ಟೆ. ಉಗುರು ವರ್ಷದ ಕೆಳಗೆ ಕೂತಿತು. ಪಿಸುಮಾತಿನಲ್ಲಿ ಎಣಿಕೆ ಶುರುವಾಯಿತು. ಕೇಳಿದರೆ ಕನ್ನಡ. "ಹದಿನಾಲ್ಕು, ಹದಿನೈದು, ಹದಿನಾರು, ಹದಿನೇಳು." ಅಲ್ಲಿಗೆ ನಿಂತಿತು. ದಿಲ್ಲಿಯಲ್ಲೇ ಬೆಳೆದ ನನಗೆ ಕನ್ನಡದ ಅಂಕಿ ಇಪ್ಪತ್ತರವರೆಗೆ ಮಾತ್ರ ಬರುತ್ತಿತ್ತು. ಅವರು ಬಾಯಿ ಬಿಟ್ಟು ಹೇಳುವ ಮೊದಲೇ ನನ್ನ ತೀರ್ಪು ತಿಳಿಯಲು ಅಷ್ಟು ಸಾಕಾಗಿತ್ತು.

"ಆಂಟಿ, ನಾನೂ ಕನ್ನಡ. ಸಚ್ಚಿ ನನಗೆ ಹದಿನೆಂಟು ಆಗಿದೆ," ಎಂದೆ.

ಅದು ಸುಳ್ಳಲ್ಲ. ನಾನು ಹುಟ್ಟಿದ್ದು ಜೂನ್‌ನಲ್ಲಿ. ಅಮ್ಮನ ಹೆರಿಗೆಯಾದ ಊರಿನಿಂದ ತಾತ ನನ್ನ ಹುಟ್ಟಿದ ದಿನವನ್ನು ಕನ್ನಡದ ಅಂಕಿಗಳಲ್ಲಿ ಬರೆದು ಕಳಿಸಿದ್ದರು. ತಿಂಗಳಿಗೆಂದು ಅವರು ಬರೆದ ೬ ಅಪ್ಪನ ಕಣ್ಣಿಗೆ ೯ ಆಗಿ ಕಂಡಿತು. ಅಪ್ಪ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತರು. ಅಮ್ಮ ಜೂನ್ ಎಂದು ಎಷ್ಟು ಬಡಿದುಕೊಂಡರೂ, ಕಾಗದದಲ್ಲಿ ಇರುವುದೇ ಸರಿ ಎಂದು ಶಾಲೆಯ ಅರ್ಜಿಯಲ್ಲಿ ಸೆಪ್ಟೆಂಬರ್ ಬರೆದರು. ಹೆತ್ತವಳ ಸಾಕ್ಷಿಗೆ ನಮ್ಮ ಮನೆಯಲ್ಲಿ ಅಷ್ಟೇ ಬೆಲೆ.

ಇದನ್ನೆಲ್ಲ ಅರ್ಧ ಕನ್ನಡ, ಅರ್ಧ ಹಿಂದಿಯಲ್ಲಿ ಒದರಿದೆ. ಅವರು ಕನ್ನಡಕ ತೆಗೆದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಅಚ್ಛಾ, ಆರಕ್ಕೆ ಒಂದು ಸುರುಳಿ ಜಾಸ್ತಿ ಬಿತ್ತಾ? ನಂಬ್ತೀನಿ ಕಣಮ್ಮ. ಪೂರ್ತಿ ನಂಬ್ತೀನಿ."

"ಮತ್ತೆ ಕೊಡಿ."

"ಕೊಡೋಲ್ಲ. ನಿನ್ನ ಕಥೆ ನನಗೆ ಅರ್ಥ ಆಯ್ತು, ಯಾಕಂದ್ರೆ ನನಗೆ ಕನ್ನಡ ಬರುತ್ತೆ. ನಿನ್ನ ಹಿಂದೆ ನಿಂತಿರೋ ಪಂಜಾಬಿ ಹುಡುಗಿ ಕಥೆ ನನಗೆ ಯಾರು ಹೇಳ್ತಾರೆ? ಸೆಪ್ಟೆಂಬರಲ್ಲಿ ಬಾ."

"ನನ್ನನ್ನ ನೋಡಿದ್ರೆ ಗೊತ್ತಾಗಲ್ವಾ?"

"ಮುಖ ನೋಡೋದಕ್ಕೆ ನಾನೇನು ಹೆಣ್ಣು ನೋಡೋಕೆ ಬಂದಿದೀನಾ? ಚಲೋ, ಮುಂದಿನವರು ಬನ್ನಿ."

ಸಾಲಿನಲ್ಲಿದ್ದವರು ನಕ್ಕರು. ಚಿಕ್ಕವಳಿದ್ದಾಗ ನಾಲ್ಕು ವರ್ಷ ಯಾರೂ ಕೇಳಿರಲಿಲ್ಲ, ನಿಜವಾಗಿ ಹದಿನೆಂಟಾದ ಮೇಲೆ ನನ್ನನ್ನು ತಡೆದಿದ್ದರು. ಮೈಯೆಲ್ಲ ಉರಿದುಹೋಯಿತು. ಬಾಗಿಲ ಬಳಿ ತೂಗುಹಾಕಿದ್ದ ದೂರಿನ ಪುಸ್ತಕದಲ್ಲಿ, ಈ ಹೆಂಗಸು ಗಿರಾಕಿಗಳನ್ನು ಪೀಡಿಸುತ್ತಾಳೆಂದು ಇಂಗ್ಲಿಷಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದು, ಹೆಸರು ಹಾಕದೆ ಹೊರಟುಬಂದೆ. ಬರೆಯುವಾಗ ತುಂಬ ಖುಷಿಯಾಗಿತ್ತು ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಎರಡು ವಾರ ಬಿಟ್ಟು ಹೋದಾಗ ಅವರು ಕೌಂಟರಿನಲ್ಲಿ ಇರಲಿಲ್ಲ. ಮೂಲೆಯಲ್ಲಿ ಉಡುಗೊರೆಗಳಿಗೆ ಬಣ್ಣದ ಕಾಗದ ಸುತ್ತುವ ಮೇಜಿಗೆ ಕಳಿಸಿದ್ದರು. ಸೀಳಿದ ಉಗುರಿನಿಂದ ಟೇಪು ಹರಿಯುತ್ತ ಕೂತಿದ್ದರು. ನನ್ನನ್ನು ಕಂಡು ತಲೆ ಎತ್ತಿದರು.

"ಪೀಡಿಸೋದಕ್ಕೆ ಇಂಗ್ಲಿಷಲ್ಲಿ ಹರಾಸ್ ಅಂತಾರಲ್ಲ, ಅದರ ಸ್ಪೆಲಿಂಗಿಗೆ ಒಂದೇ ಆರ್ ಸಾಕಂತೆ, ಬೇಟಾ. ನೀನು ಎರಡು ಹಾಕಿದೀಯ."

ನಿಂತಲ್ಲೇ ಭೂಮಿಗಿಳಿದುಹೋದೆ. ನಾನೇ ಎಂದು ಹೇಗೆ ತಿಳಿಯಿತೆಂದು ಕೇಳಿದೆ. "ಅವತ್ತು ಅಷ್ಟೊಂದು ಸಿಟ್ಟಲ್ಲಿ ಹೋದವಳು ನೀನೊಬ್ಬಳೇ," ಎಂದರು. ಬೈಯಲಿಲ್ಲ. ಹೊಸ ಮ್ಯಾನೇಜರಿಗೆ ನಾನು ಬೇಡವಾಗಿದ್ದೇನೆ, ನನ್ನ ಕೌಂಟರಿನಲ್ಲಿ ಸಾಲು ನಿಧಾನ ಎಂದು ಅವನು ಮೊದಲೇ ಗೊಣಗುತ್ತಿದ್ದ, ನಿನ್ನ ಬರಹ ಒಂದು ನೆಪವಾಯಿತು, ತಿಂಗಳ ಕೊನೆಗೆ ಮನೆಗೇ ಕಳಿಸಬಹುದು ಎಂದು ಟೇಪು ಅಂಟಿಸುತ್ತಲೇ ಹೇಳಿದರು. "ಹೋಗ್ಲಿ ಬಿಡು. ಆದ್ರೆ ಆ ಕೌಂಟರು ನನಗೆ ಇಷ್ಟ ಇತ್ತು." ಇಷ್ಟು ಹೇಳುವಾಗ ಮಾತ್ರ ಅವರ ದನಿ ಸಣ್ಣದಾಯಿತು.

ನಾನು ನೇರ ಮ್ಯಾನೇಜರನ ಮೇಜಿಗೆ ಹೋದೆ. ಅಲ್ಲಿ ಆಗಲೇ ಒಬ್ಬರು ನಿಂತಿದ್ದರು. ನನ್ನ ಮೊಣಕೈಗಿಂತ ತುಸು ಮೇಲೆ ಬರುವಷ್ಟು ಎತ್ತರ, ಕಿವಿಯ ಬಳಿ ನರೆತ ಕೂದಲು, ಕೈಯಲ್ಲಿ ದೊಡ್ಡವರ ಸಿನಿಮಾದ ಡಿಸ್ಕು. ದಿಲ್ಲಿಯ ಆ ತುದಿಯ ಹೌಜ್ ಖಾಸ್ ಕಡೆಯ ಕಾಲೇಜೊಂದರಲ್ಲಿ ಪಾಠ ಹೇಳುವವರಂತೆ. ಆ ಮೇಡಂ ಎಲ್ಲಿ ಎಂದು ಹಿಂದಿಯಲ್ಲಿ ವಿಚಾರಿಸುತ್ತಿದ್ದರು.

"ದಿಲ್ಲಿಯ ಯಾವ ಅಂಗಡಿಗೆ ಹೋದರೂ ಇಡೀ ಸಾಲಿನಲ್ಲಿ ನನ್ನೊಬ್ಬನ ವಯಸ್ಸು ಕೇಳುತ್ತಾರೆ," ಎಂದರು. "ನನಗೆ ನಲವತ್ತಾರು. ಮೇಡಂ ನನ್ನ ಮುಂದಿನವರನ್ನೂ ಕೇಳುತ್ತಾರೆ, ಹಿಂದಿನವರನ್ನೂ ಕೇಳುತ್ತಾರೆ. ಅದಕ್ಕೇ ಮೆಟ್ರೋ ಬದಲಿಸಿ, ಆಟೋ ಹಿಡಿದು ಇಲ್ಲಿಗೆ ಬರುತ್ತೇನೆ. ಇವತ್ತು ನಿಮ್ಮ ಇನ್ನೊಂದು ಕೌಂಟರಿನವನು ಮತ್ತೆ ನನ್ನೊಬ್ಬನನ್ನೇ ಕೇಳಿದ."

ನಾನು ನಿಜ ಹೇಳಿದರೆ ಅಪ್ಪನವರೆಗೂ ಸುದ್ದಿ ಹೋಗುತ್ತದೆ, ಗೆಳತಿಯರೂ ಸಿಕ್ಕಿಬೀಳುತ್ತಾರೆ. ಆದರೂ ಹೇಳಿದೆ. ದೂರು ಬರೆದವಳು ನಾನು, ಬರೆದದ್ದು ಸುಳ್ಳು. ನನ್ನ ಕಾರ್ಡಿನ ಪ್ರಕಾರ ಇವತ್ತಿಗೂ ಹದಿನೇಳು. ಹದಿನಾಲ್ಕರಿಂದ ಆ ಇನ್ನೊಂದು ಕೌಂಟರಿನಲ್ಲಿ ಹದಿನೆಂಟರ ಡಬ್ಬಿ ಕೊಳ್ಳುತ್ತಿದ್ದೇನೆ, ಯಾರೂ ಕೇಳಿಲ್ಲ. ಕೇಳಿದ್ದು ಆಂಟಿ ಒಬ್ಬರೇ.

ಮ್ಯಾನೇಜರು ನನ್ನನ್ನು ಕತ್ತೆತ್ತಿ ನೋಡಿದ. ಆಮೇಲೆ ಕತ್ತು ಬಗ್ಗಿಸಿ ಆ ಮೇಷ್ಟ್ರನ್ನು ನೋಡಿದ. ನಾವಿಬ್ಬರೂ ಅಕ್ಕಪಕ್ಕ ನಿಂತಿದ್ದೆವು. ಬೇರೆ ವಾದವೇ ಬೇಕಾಗಲಿಲ್ಲ.

ಮುಂದಿನ ಭಾನುವಾರ ಅವರು ಕೌಂಟರಿಗೆ ಮರಳಿದ್ದರು. ಭಯ್ಯಾ ಕೂಡ ಫೋನು ಕೆಳಗಿಟ್ಟು ಎಲ್ಲರ ಕಾರ್ಡು ನೋಡುತ್ತಿದ್ದ, ಲೆಕ್ಕ ತಪ್ಪಿದಾಗ ಇವರತ್ತ ತಿರುಗುತ್ತಿದ್ದ. ಅಪ್ಪ ಒಂದು ವಾರ ನನ್ನೊಡನೆ ಮಾತು ಬಿಟ್ಟರು. ಸೆಪ್ಟೆಂಬರಿನಲ್ಲಿ ಕಾರ್ಡಿನ ಹುಟ್ಟುಹಬ್ಬದ ದಿನವೇ ಹೋಗಿ ಸಾಲಿನಲ್ಲಿ ನಿಂತೆ. ಈ ಸಲ ಪಿಸುಮಾತಿಲ್ಲ. ಅಂಗಡಿಗೆಲ್ಲ ಕೇಳುವಂತೆ "ಹದಿನೆಂಟು" ಎಂದು ಹೇಳಿ, ಡಬ್ಬಿಯನ್ನು ತಾವೇ ಬಣ್ಣದ ಕಾಗದದಲ್ಲಿ ಸುತ್ತಿಕೊಟ್ಟರು. "ತಗೋ, ಈಗ ಹೆಣಗಳ ಜೊತೆ ಆಡ್ಕೋ."

ಅವತ್ತಿನಿಂದ ಅವರು ನನಗೆ ಕೌಂಟರ್ ಅತ್ತೆ. ಇಪ್ಪತ್ತರ ಮೇಲೆ ಕನ್ನಡದಲ್ಲಿ ಎಣಿಸಲು ಬರುವುದಿಲ್ಲ ಎಂದಾಗ ಅವರಿಗೆ ನಿಜವಾಗಿ ಬೇಸರವಾಯಿತು. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಕಪಾಟಿನ ಡಬ್ಬಿಗಳನ್ನು ಎಣಿಸಲು ಹಚ್ಚುತ್ತಿದ್ದರು. ಐವತ್ತರ ಆಚೆ ನನ್ನ ಬಾಯಿಗೆ ಹಿಂದಿ ನುಗ್ಗುತ್ತಿತ್ತು. "ಮತ್ತೆ ಒಂದರಿಂದ," ಎನ್ನುತ್ತಿದ್ದರು. ಒಮ್ಮೆ ಅವರ ಗಂಡ ಹದಿನೆಂಟರ ಸಿನಿಮಾ ಕೊಳ್ಳಲು ಬಂದಾಗ ಅತ್ತೆ ಗಂಡನ ಕಾರ್ಡನ್ನೂ ಕೇಳಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಆ ಬಡಪಾಯಿ ಕಿಸೆಯಿಂದ ತೆಗೆದುಕೊಟ್ಟರು.

ಈಗ ನಾನು ಘಾಜಿಯಾಬಾದಿನ ಒಂದು ಕಚೇರಿಯಲ್ಲಿ ಅರ್ಜಿ ಸ್ವೀಕರಿಸುವ ಕಿಟಕಿಯ ಹಿಂದೆ ಕೂರುತ್ತೇನೆ. ಕಾರಿನಲ್ಲಿ ಬಂದವರಿಗೂ ರಿಕ್ಷಾದಲ್ಲಿ ಬಂದವರಿಗೂ ಕೇಳುವ ಕಾಗದ ಒಂದೇ. ಸಾಲು ನಿಧಾನ ಎಂದು ನನ್ನ ಮೇಲೂ ಮೂರು ದೂರುಗಳಿವೆ. ಅವನ್ನು ಅತ್ತೆಗೆ ಓದಿ ಹೇಳಿದ್ದೆ. ಹೆಮ್ಮೆಯಿಂದಲೇ ಹೇಳಿದ್ದೆ, ಅವರೂ ಹೆಮ್ಮೆಯಿಂದಲೇ ಕೇಳಿದರು.

ಹೋದ ಚಳಿಗಾಲದಲ್ಲಿ ಅತ್ತೆ ತೀರಿಕೊಂಡರು. ಮರಣ ಪ್ರಮಾಣಪತ್ರದ ಅರ್ಜಿ ತುಂಬಲು ಅವರ ಗಂಡ ನನ್ನನ್ನು ಕರೆಸಿದರು. ವಯಸ್ಸು ಎಂಬ ಖಾನೆ ಬಂದಾಗ, "ಅರವತ್ತು ಅಂತ ಬರೆದುಬಿಡಮ್ಮ," ಎಂದರು.

"ಕಾರ್ಡ್ ಕೊಡಿ, ಅಂಕಲ್."

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಎದ್ದು ಹೋಗಿ ತಂದುಕೊಟ್ಟರು. ಹುಟ್ಟಿದ ವರ್ಷದ ಕೆಳಗೆ ಉಗುರು ಒತ್ತಿ ಒಂದರಿಂದ ಎಣಿಸಿದೆ. ಹದಿನೇಳು ದಾಟಿತು, ಹದಿನೆಂಟು ದಾಟಿತು. ಐವತ್ತರ ಆಚೆಗೂ ನಾಲಿಗೆ ತೊಡರಲಿಲ್ಲ, ಎಲ್ಲೂ ಹಿಂದಿ ನುಗ್ಗಲಿಲ್ಲ. ಅರವತ್ತೆರಡಕ್ಕೆ ನಿಂತೆ. ಅದನ್ನೇ ಬರೆದೆ.